ಭ್ರೂಣದ ಪ್ರೋಟೀನು ಕ್ಯಾನ್ಸರಿನ ಕುರುಹಾದ ಬಗೆ

ಯಕೃತ್ತಿನ ಕ್ಯಾನ್ಸರನ್ನು ರಕ್ತಪರೀಕ್ಷೆಯಿಂದ ಅರಿಯುವ ಪದ್ಧತಿಯ ಇತಿಹಾಸವೆಂದರೆ ಬಹುಮಟ್ಟಿಗೆ ಆಲ್ಫಾ ಫೀಟೊಪ್ರೋಟೀನ್ ಅಥವಾ ಎಎಫ್‌ಪಿ ಎಂಬ ಪ್ರೋಟೀನಿನ ಇತಿಹಾಸವೇ ಆಗಿದೆ. ಗರ್ಭದಲ್ಲಿರುವ ಶಿಶುವಿನ ಯಕೃತ್ತಿನಲ್ಲಿ ಹೇರಳವಾಗಿ ತಯಾರಾಗುವ ಈ ಪ್ರೋಟೀನು ಜನನಾನಂತರ ಕ್ರಮೇಣ ಕಡಿಮೆಯಾಗಿ, ಆರೋಗ್ಯವಂತ ವಯಸ್ಕರ ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ ಸುಮಾರು 10 ನ್ಯಾನೊಗ್ರಾಮಿಗಿಂತಲೂ ಕಡಿಮೆ ಪ್ರಮಾಣದಲ್ಲಿ ಉಳಿಯುತ್ತದೆ. ಭ್ರೂಣದ ರಕ್ತದಲ್ಲಿರುವ ಈ ಅಂಶವನ್ನು 1956ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರಾಂಡ್ ಮತ್ತು ಜಾರ್ ವರದಿ ಮಾಡಿದ್ದರಾದರೂ, ಅದಕ್ಕೂ ಕ್ಯಾನ್ಸರಿಗೂ ನಂಟಿದೆಯೆಂಬ ಊಹೆ ಆಗ ಯಾರಿಗೂ ಇರಲಿಲ್ಲ.

ಆ ನಂಟನ್ನು 1963ರಲ್ಲಿ ತೋರಿಸಿದವರು ಮಾಸ್ಕೋದ ಗಮಲೇಯ ಸಂಸ್ಥೆಯ ಗ್ಯಾರಿ ಅಬೆಲೆವ್ ಮತ್ತು ಅವರ ಸಹೋದ್ಯೋಗಿಗಳು. ಅವರು ಬಳಸಿದ ವಿಧಾನವು ಸರಳವಾದರೂ ಅತ್ಯಂತ ತಾಳ್ಮೆಯನ್ನು ಬೇಡುವಂಥದ್ದಾಗಿತ್ತು. ಅಗಾರ್ ಎಂಬ ಪಾರದರ್ಶಕ ಲೋಳೆಯ ಪದರದಲ್ಲಿ ಸಣ್ಣ ಕುಳಿಗಳನ್ನು ಕೊರೆದು, ಒಂದರಲ್ಲಿ ಪರೀಕ್ಷಿಸಬೇಕಾದ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವನ್ನೂ, ಇನ್ನೊಂದರಲ್ಲಿ ನಿರ್ದಿಷ್ಟ ಪ್ರೋಟೀನನ್ನು ಮಾತ್ರ ಹಿಡಿಯುವ ಪ್ರತಿಕಾಯಗಳನ್ನೂ ಇಟ್ಟರೆ, ಎರಡೂ ಮೆಲ್ಲನೆ ಹರಡಿ, ಪರಸ್ಪರ ಸಂಧಿಸುವಲ್ಲಿ ತೆಳುವಾದ ಬಿಳಿ ಗೆರೆಯೊಂದು ಮೂಡುತ್ತದೆ. ಯಕೃತ್ತಿನ ಗಡ್ಡೆಯಿದ್ದ ಇಲಿಗಳ ರಕ್ತದಿಂದ ಮೂಡಿದ ಗೆರೆಯು ಭ್ರೂಣದ ರಕ್ತದ ಗೆರೆಯೊಡನೆ ಒಂದಾಗಿ ಬೆಸೆದುಕೊಂಡಿತು; ಆರೋಗ್ಯವಂತ ವಯಸ್ಕ ಇಲಿಯ ರಕ್ತದಲ್ಲಿ ಅಂಥ ಗೆರೆಯೇ ಕಾಣಲಿಲ್ಲ. ಬೆಳೆದ ಜೀವಕೋಶವು ಕ್ಯಾನ್ಸರಿಗೆ ತುತ್ತಾದಾಗ ತನ್ನ ಭ್ರೂಣಾವಸ್ಥೆಯ ಕೆಲಸವನ್ನು ಮತ್ತೆ ಆರಂಭಿಸಬಲ್ಲದೆಂಬ ತಿಳಿವು ಇಲ್ಲಿಂದ ಗಟ್ಟಿಯಾಯಿತು. ಮರುವರ್ಷವೇ, 1964ರಲ್ಲಿ, ಅಸ್ತ್ರಖಾನಿನ ಯೂರಿ ತತಾರಿನೊವ್ ಯಕೃತ್ತಿನ ಕ್ಯಾನ್ಸರಿದ್ದ ಮನುಷ್ಯರ ರಕ್ತದಲ್ಲಿಯೂ ಇದೇ ಪ್ರೋಟೀನನ್ನು ಕಂಡರು.

ಆದರೆ ಅಗಾರಿನ ಗೆರೆಯು ಪ್ರೋಟೀನು ಹೇರಳವಾಗಿದ್ದಾಗ ಮಾತ್ರ ಕಾಣುತ್ತಿತ್ತು, ಆ ಹೊತ್ತಿಗೆ ಗಡ್ಡೆಯು ಸಾಮಾನ್ಯವಾಗಿ ಬಹಳ ಬೆಳೆದಿರುತ್ತಿತ್ತು. 1971ರಲ್ಲಿ ಹೆಲ್ಸಿಂಕಿಯ ರೂಸ್ಲಾಹ್ಟಿ ಮತ್ತು ಸೆಪ್ಪಾಲಾ ವಿಕಿರಣಶೀಲ ಗುರುತನ್ನು ಬಳಸುವ ಅತಿಸೂಕ್ಷ್ಮ ಮಾಪನವನ್ನು ರೂಪಿಸಿದ ಮೇಲೆ ನ್ಯಾನೊಗ್ರಾಮುಗಳನ್ನೂ ಎಣಿಸುವುದು ಸಾಧ್ಯವಾಯಿತು. ಅದರಿಂದಲೇ ಹೊಸ ಗೊಂದಲವೂ ಹುಟ್ಟಿತು: ಹೆಪಟೈಟಿಸ್, ಗರ್ಭಧಾರಣೆ, ವೃಷಣದ ಕೆಲವು ಗಡ್ಡೆಗಳು ಇವೆಲ್ಲವುಗಳಲ್ಲಿಯೂ ಎಎಫ್‌ಪಿ ಏರುತ್ತದೆಂಬುದು ತಿಳಿದುಬಂತು, ಹಾಗೆಯೇ ಯಕೃತ್ತಿನ ಕ್ಯಾನ್ಸರ್ ಇರುವವರಲ್ಲಿ ಗಣನೀಯ ಪಾಲಿನವರಲ್ಲಿ ಅದು ಏರುವುದೇ ಇಲ್ಲವೆಂಬುದೂ ಸ್ಪಷ್ಟವಾಯಿತು.

ಪರೀಕ್ಷೆಯು ಪ್ರಯೋಗಾಲಯದಿಂದ ಹಳ್ಳಿಗಳಿಗೆ ಬಂದದ್ದು ಚೀನಾದಲ್ಲಿ. ಯಾಂಗ್‌ಟ್ಸಿ ನದಿಯ ಮುಖದ ಬಳಿಯ ಚಿದೊಂಗ್ ಪ್ರದೇಶದಲ್ಲಿ ಹೆಪಟೈಟಿಸ್ ಬಿ ವೈರಸ್ ಮತ್ತು ಬೂಷ್ಟು ಹಿಡಿದ ಮೆಕ್ಕೆಜೋಳದ ಅಫ್ಲಾಟಾಕ್ಸಿನ್ ವಿಷ ಎರಡೂ ಸೇರಿ ಈ ಕ್ಯಾನ್ಸರನ್ನು ಹೆಚ್ಚಿಸಿದ್ದುದರಿಂದ, 1970ರ ದಶಕದಲ್ಲಿ ಅಲ್ಲಿ ಸಾಮೂಹಿಕ ತಪಾಸಣೆ ಆರಂಭವಾಯಿತು. ಶಾಂಘೈಯಲ್ಲಿ 18,816 ಜನರನ್ನು ಒಳಗೊಂಡು ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವು, ಆರು ತಿಂಗಳಿಗೊಮ್ಮೆ ಎಎಫ್‌ಪಿ ಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಎರಡನ್ನೂ ಮಾಡಿದಾಗ ಈ ಕ್ಯಾನ್ಸರಿನ ಸಾವು ಶೇ. 37ರಷ್ಟು ತಗ್ಗಿತೆಂದು ವರದಿ ಮಾಡಿತು. ಚಿದೊಂಗಿನಲ್ಲಿ ಎಎಫ್‌ಪಿಯನ್ನಷ್ಟೇ ನೆಚ್ಚಿಕೊಂಡ ಇನ್ನೊಂದು ಅಧ್ಯಯನದಲ್ಲಿ ಸಾವಿನ ಪ್ರಮಾಣ ಇಳಿದುದು ಕಾಣಲಿಲ್ಲ. ಈ ಎರಡು ಫಲಿತಾಂಶಗಳನ್ನು ಜೊತೆಗಿಟ್ಟು ಓದದೆ ಈ ಪರೀಕ್ಷೆಯನ್ನು ಹೊಗಳುವುದಾಗಲಿ ತೆಗಳುವುದಾಗಲಿ ನ್ಯಾಯವಲ್ಲ.

ಪತ್ತೆಹಚ್ಚುವ ಸಾಧನವಾಗಿ ಮಸುಕಾದ ಎಎಫ್‌ಪಿ, ರೋಗದ ಮುನ್ನರಿವಿನಲ್ಲಿ, ಅಂದರೆ ರೋಗವು ಮುಂದೆ ಯಾವ ದಾರಿ ಹಿಡಿದೀತೆಂಬ ಅಂದಾಜಿನಲ್ಲಿ, ಮತ್ತೆ ಮುಖ್ಯವಾಯಿತು. ಇಟಲಿಯ ವೈದ್ಯರು 1998ರಲ್ಲಿ ರೂಪಿಸಿದ ಕ್ಲಿಪ್ ಎಂಬ ಅಂಕಪದ್ಧತಿಯಲ್ಲಿ ಪ್ರತಿ ಮಿಲಿಲೀಟರಿಗೆ 400 ನ್ಯಾನೊಗ್ರಾಮಿನ ಮಟ್ಟವನ್ನು ಒಂದು ಗಡಿಯಾಗಿ ಇಡಲಾಯಿತು. ಪ್ರೋಟೀನು ಗಡ್ಡೆಯ ಬರಿಯ ಕುರುಹಲ್ಲ, ರಕ್ಷಣಾ ಕೋಶಗಳನ್ನು ಹತ್ತಿಕ್ಕಿ ಅದರ ಬೆಳವಣಿಗೆಗೆ ಒತ್ತಾಸೆಯಾಗಬಲ್ಲದೆಂದೂ ಪ್ರಯೋಗಾಲಯದ ಅಧ್ಯಯನಗಳು ಸೂಚಿಸಿದವು. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು, ಮೊದಲು ಸೊರಾಫೆನಿಬ್ ಎಂಬ ಔಷಧಿಯನ್ನು ಪಡೆದಿದ್ದ ಯಕೃತ್ತಿನ ಕ್ಯಾನ್ಸರ್ ರೋಗಿಗಳಲ್ಲಿ, ಎಎಫ್‌ಪಿ 400 ನ್ಯಾನೊಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ ಮಾತ್ರ ರಾಮುಸಿರುಮ್ಯಾಬ್ ಎಂಬ ಔಷಧಿಯನ್ನು ಬಳಸಲು ಅನುಮತಿ ನೀಡಿತು.