‘ನಕಲು’ ಶಬ್ದದ ಅರ್ಥವಿಚಾರ

ಮೂಲಪತ್ರವನ್ನು ನೋಡಿ ಬರೆದ ಪ್ರತಿಗೆ ಕನ್ನಡದ ಕಚೇರಿ ವ್ಯವಹಾರದಲ್ಲಿ ‘ನಕಲು’ ಎಂಬ ಹೆಸರು ರೂಢವಾಗಿದೆ. ಅದೇ ಶಬ್ದಕುಲಕ್ಕೆ ಸೇರಿದ ‘ನಕಲಿ’ ಎಂಬುದಾದರೋ ಖೋಟಾ ಎಂಬ ನಿಂದಾರ್ಥದಲ್ಲಿ ಬಳಕೆಯಾಗುತ್ತಿದೆ. ಪ್ರತಿಗೂ ವಂಚನೆಗೂ ಇಷ್ಟು ಸಾಮೀಪ್ಯ ಉಂಟಾದುದು ಕೇವಲ ನಿಘಂಟುಕಾರರು ವಿಚಾರಿಸತಕ್ಕ ವಿಷಯವಲ್ಲ. ಶಾಸನಗಳ ಪ್ರಾಮಾಣ್ಯವನ್ನು ನಿರ್ಣಯಿಸಬೇಕಾದ ಇತಿಹಾಸಕಾರನಿಗೂ ಅದು ಸಂಬಂಧಿಸಿದುದಾಗಿದೆ.

‘ನಕಲು’ ಅರಬ್ಬಿಯ ‘ನಕ್ಲ್’ ಶಬ್ದದಿಂದ ಬಂದುದು. ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸುವುದು ಎಂಬುದೇ ಅದರ ಮೂಲಾರ್ಥ. ಪರಂಪರೆಯಿಂದ ಬಂದ ಮಾತನ್ನು ಮುಂದಿನವರಿಗೆ ತಲುಪಿಸುವುದಕ್ಕೂ ಭಾಷಾಂತರಕ್ಕೂ ಅಲ್ಲಿ ಇದೇ ಶಬ್ದ ಸಲ್ಲುತ್ತದೆ. ಪಾರಸಿಯಲ್ಲಿ ಆಡಳಿತ ನಡೆಸಿದ ರಾಜ್ಯಗಳ ದಫ್ತರಗಳ ಮೂಲಕ ದಸ್ತಾವೇಜು, ಮೊಹರು ಮೊದಲಾದವುಗಳೊಡನೆ ಇದು ದೇಶಭಾಷೆಗಳಲ್ಲಿ ನೆಲೆಸಿತು. ಇದರ ಜೊತೆಯ ಶಬ್ದ ‘ಅಸಲು’; ಅರಬ್ಬಿಯಲ್ಲಿ ‘ಅಸ್ಲ್’ ಎಂದರೆ ಬೇರು. ಸಂಸ್ಕೃತದ ‘ಮೂಲ’ಕ್ಕೂ ಅದೇ ಅರ್ಥವಿರುವುದು ಗಮನಾರ್ಹ. ಹೀಗೆ ಬೇರಿನಿಂದ ಸಾಗಿಬಂದುದೇ ನಕಲು. ಅದರಲ್ಲಿ ಕಪಟದ ಸೂಚನೆ ಮೊದಲಿಗೆ ಇರಲಿಲ್ಲ.

ಕಪಟಪತ್ರಕ್ಕೆ ಪ್ರಾಚೀನರು ಬೇರೆಯೇ ಹೆಸರನ್ನಿಟ್ಟಿದ್ದರು, ಅದು ‘ಕೂಟಶಾಸನ’. ಅದನ್ನು ರಚಿಸಿದವರಿಗೆ ಮನುಸ್ಮೃತಿಯು ವಧೆಯನ್ನು ವಿಧಿಸುತ್ತದೆ. ವಾಮರಥ್ಯನೆಂಬ ಬ್ರಾಹ್ಮಣನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದ ಗ್ರಾಮವನ್ನು ಬಿಡಿಸಿ ಅನ್ಯರಿಗೆ ಕೊಟ್ಟುದನ್ನು ಹರ್ಷವರ್ಧನನ ಮಧುಬನ ತಾಮ್ರಪಟವು ಹೇಳುತ್ತದೆ. ಇದಕ್ಕೆ ವ್ಯತಿರಿಕ್ತವಾದ ನಿದರ್ಶನ, ಅದೇ 7ನೆಯ ಶತಮಾನದ, ಕಾಮರೂಪದ ಭಾಸ್ಕರವರ್ಮನ ನಿಧನಪುರ ಪಟಗಳು. ಭೂತಿವರ್ಮನ ಕಾಲದ ದತ್ತಿಪಟಗಳು ಸುಟ್ಟುಹೋದುದರಿಂದ ಇವನ್ನು ಹೊಸದಾಗಿ ಬರೆಯಿಸಲಾಯಿತು. ಅಕ್ಷರಗಳ ರೂಪ ಭಿನ್ನವಾಗಿದ್ದರೂ ಇವು ಕೂಟವಲ್ಲವೆಂದು ಆ ಶಾಸನವೇ ಸ್ಪಷ್ಟಪಡಿಸುತ್ತದೆ. ನಕಲಿಗೂ ಕೂಟಕ್ಕೂ ಇರುವ ಭೇದವನ್ನು ಇದಕ್ಕಿಂತ ವಿಶದವಾಗಿ ಹೇಳುವುದು ಕಷ್ಟ.

ಕರ್ಣಾಟಕದಲ್ಲಿ ಗಂಗರ ತಾಮ್ರಪಟಗಳ ಬಗ್ಗೆ ರೈಸ್ ಮತ್ತು ಫ್ಲೀಟ್ ಇವರ ನಡುವೆ ನಡೆದ ದೀರ್ಘವಾದವನ್ನು ಈ ಬೆಳಕಿನಲ್ಲಿ ನೋಡಬಹುದು. ಆ ಪಟಗಳಲ್ಲಿ ಬಹುಭಾಗವನ್ನು ಫ್ಲೀಟರು ಕೂಟವೆಂದು ತಳ್ಳಿಹಾಕಿದರು. ಲಿಪಿಯ ಕಾಲವೂ ಅವರ ಆಧಾರಗಳಲ್ಲೊಂದಾಗಿತ್ತು. ಆದರೆ ಲಿಪಿ ಈಚಿನದೆಂದ ಮಾತ್ರಕ್ಕೆ ದತ್ತಿಯೇ ಕಲ್ಪಿತವೆಂದು ಸಿದ್ಧವಾಗುವುದಿಲ್ಲ. ಹಾಗೆಂದು ಸಂಶಯಾಸ್ಪದವಾದ ಪ್ರತಿಯೊಂದು ಪಟವನ್ನೂ ನಕಲೆಂದು ಕ್ಷಮಿಸುವುದೂ ಯುಕ್ತವಲ್ಲ. ತಿಥಿವಾರಗಳು, ವಂಶಾವಳಿ, ಸ್ಥಳನಾಮಗಳು ಸ್ವತಂತ್ರವಾದ ಶಿಲಾಶಾಸನಗಳೊಡನೆ ಹೊಂದುವುವೇ ಎಂಬುದನ್ನು ಪರಿಶೀಲಿಸಿದ ಮೇಲೆಯೇ ತೀರ್ಮಾನಕ್ಕೆ ಬರತಕ್ಕದ್ದು.

ನ್ಯಾಯಾಲಯಗಳು ಈ ವಿವೇಕವನ್ನು ಉಳಿಸಿಕೊಂಡಿವೆ. ದೃಢೀಕೃತ ನಕಲಿಗೆ 1872ರ ಸಾಕ್ಷ್ಯ ಕಾಯಿದೆಯು ಕೊಟ್ಟಿದ್ದ ಮನ್ನಣೆಯು, ಅದರ ಸ್ಥಾನದಲ್ಲಿ 2024ರಲ್ಲಿ ಜಾರಿಗೆ ಬಂದ ಕಾಯಿದೆಯಲ್ಲಿಯೂ ಮುಂದುವರಿದಿದೆ. ಆಡುಮಾತು ಬೆರೆಸಿದ ಎರಡು ಅರ್ಥಗಳನ್ನು ಇತಿಹಾಸಕಾರನೂ ಬೇರೆಯಾಗಿಯೇ ಇರಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.