ಹೌಸ್‌ಟ್ರಕ್

ಹೌಸ್‌ಟ್ರಕ್ ಎಂಬುದು ಹಳೆಯ ಲಾರಿ ಅಥವಾ ಬಸ್ಸಿನ ಚಾಸಿಯ ಮೇಲೆ ಕಟ್ಟಲಾದ, ವಾಸಕ್ಕೆ ಯೋಗ್ಯವಾದ ಚಲಿಸುವ ಮನೆಯಾಗಿದೆ. ಈ ಹೆಸರು ಮುಖ್ಯವಾಗಿ ನ್ಯೂಜಿಲೆಂಡ್ ದೇಶದಲ್ಲಿ ಬಳಕೆಯಲ್ಲಿದೆ. ಕಾರ್ಖಾನೆಯಲ್ಲಿ ತಯಾರಾಗುವ ಮೋಟಾರ್‌ಹೋಮ್‌ಗಳಿಗಿಂತ ಇದು ಭಿನ್ನವಾದುದು. ಹೌಸ್‌ಟ್ರಕ್ಕನ್ನು ಸಾಮಾನ್ಯವಾಗಿ ಅದರಲ್ಲಿ ವಾಸಿಸುವವರೇ ತಮ್ಮ ಕೈಯಾರೆ, ದೊರೆತ ಮರ, ತಗಡು ಮತ್ತು ಕಿಟಕಿಗಳಿಂದ ಕಟ್ಟಿಕೊಳ್ಳುತ್ತಾರೆ. ಆದುದರಿಂದ ಒಂದು ಹೌಸ್‌ಟ್ರಕ್ ಇನ್ನೊಂದರಂತೆ ಇರುವುದಿಲ್ಲ.

ಹೌಸ್‌ಟ್ರಕ್ ಏಕಕಾಲದಲ್ಲಿ ಮನೆಯೂ ಹೌದು, ವಾಹನವೂ ಹೌದು. ಮನೆ ಗಟ್ಟಿಯಾಗಿ, ಅಲುಗದೆ, ಬೆಚ್ಚಗೆ ಇರಬೇಕು. ವಾಹನ ಹಗುರವಾಗಿ, ರಸ್ತೆಯ ಏರುತಗ್ಗುಗಳಿಗೆ ಬಾಗುವಂತೆ ಇರಬೇಕು. ಈ ಎರಡು ಅಗತ್ಯಗಳ ನಡುವಿನ ಹೊಂದಾಣಿಕೆಯೇ ಹೌಸ್‌ಟ್ರಕ್ ನಿರ್ಮಾಣದ ಮೂಲ ಸಮಸ್ಯೆ. ಕಾನೂನಿನ ದೃಷ್ಟಿಯಿಂದಲೂ ಅದು ವಾಹನವೇ ಅಥವಾ ಕಟ್ಟಡವೇ ಎಂಬ ಪ್ರಶ್ನೆ ಅದರಲ್ಲಿ ವಾಸಿಸುವವರ ನೆಲೆಯನ್ನೇ ನಿರ್ಧರಿಸುತ್ತದೆ.

ಇತಿಹಾಸ

ಚಕ್ರಗಳ ಮೇಲಿನ ಮನೆಯ ಕಲ್ಪನೆ ಹೊಸದಲ್ಲ. 19ನೆಯ ಶತಮಾನದಲ್ಲಿ ಬ್ರಿಟನ್ನಿನ ರೋಮಾನಿ ಜನರು ಕುದುರೆ ಎಳೆಯುವ, ಬಣ್ಣಬಣ್ಣದ ಚಿತ್ತಾರಗಳಿರುವ ‘ವರ್ಡೊ’ ಎಂಬ ಮರದ ಬಂಡಿಗಳಲ್ಲಿ ವಾಸಿಸುತ್ತಿದ್ದರು. ಕಮಾನಿನಾಕಾರದ ಛಾವಣಿ, ಸಣ್ಣ ಕಬ್ಬಿಣದ ಒಲೆ, ಬಂಡಿಯ ಹಿಂಬದಿಯಲ್ಲಿ ಅಡ್ಡಲಾಗಿರುವ ಮಂಚ ಮೊದಲಾದ ವರ್ಡೊದ ಲಕ್ಷಣಗಳು ಇಂದಿನ ಅನೇಕ ಹೌಸ್‌ಟ್ರಕ್‌ಗಳಲ್ಲಿಯೂ ಕಾಣಸಿಗುತ್ತವೆ.

ನ್ಯೂಜಿಲೆಂಡಿನಲ್ಲಿ ಚಲಿಸುವ ಮನೆಗಳ ಮಾಲೀಕರ ಸಂಘವಾದ ‘ನ್ಯೂಜಿಲೆಂಡ್ ಮೋಟಾರ್ ಕ್ಯಾರವಾನ್ ಅಸೋಸಿಯೇಷನ್’ 1956ರಲ್ಲಿ ಸ್ಥಾಪನೆಯಾಯಿತು. ಆದರೆ ಹೌಸ್‌ಟ್ರಕ್ ಒಂದು ಜೀವನ ಕ್ರಮವಾಗಿ ರೂಪುಗೊಂಡದ್ದು 1970ರ ದಶಕದಲ್ಲಿ. ನಗರ ಜೀವನವನ್ನು ತೊರೆದು ಸರಳವಾಗಿ ಬದುಕಬೇಕೆಂಬ ಹಂಬಲ ಆಗಿನ ಯುವಜನರಲ್ಲಿ ಬಲವಾಗಿತ್ತು. ಪ್ರಧಾನಿ ನಾರ್ಮನ್ ಕರ್ಕ್ ಅವರ ಸರ್ಕಾರವು ‘ಓಹು’ ಎಂಬ ಯೋಜನೆಯ ಮೂಲಕ ಗ್ರಾಮೀಣ ಸಹಜೀವನ ಕೇಂದ್ರಗಳಿಗೆ ಸರ್ಕಾರಿ ಭೂಮಿಯನ್ನು ಒದಗಿಸಲು ಮುಂದಾದದ್ದೂ ಇದೇ ದಶಕದಲ್ಲಿ. 1971ರಿಂದ 1975ರವರೆಗೆ ‘ಬ್ಲರ್ಟಾ’ ಎಂಬ ಸಂಗೀತ ಮತ್ತು ರಂಗತಂಡವು ಬಸ್ಸಿನಲ್ಲಿ ಊರೂರು ಸುತ್ತಿ ಪ್ರದರ್ಶನ ನೀಡಿತು. ಉತ್ತರ ದ್ವೀಪದ ವೈಹಿ ಮತ್ತು ವೈಕಿನೊ ಪಟ್ಟಣಗಳ ಸಮೀಪ 1981ರವರೆಗೆ ನಡೆದ ನಂಬಾಸಾ ಉತ್ಸವಗಳಿಗೆ ಹತ್ತಾರು ಸಾವಿರ ಜನ ಸೇರುತ್ತಿದ್ದರು. ಅಲ್ಲಿ ಸಾಲಾಗಿ ನಿಂತ ಮನೆ-ಲಾರಿಗಳು ಸಾರ್ವಜನಿಕರ ಗಮನ ಸೆಳೆದವು. ಮುಂದೆ ‘ಜಿಪ್ಸಿ ಫೇರ್’ ಎಂದು ಕರೆಯಲಾಗುವ ಸಂಚಾರಿ ಜಾತ್ರೆಗಳು ಆರಂಭವಾದವು. ಹೌಸ್‌ಟ್ರಕ್ ನಿವಾಸಿಗಳು ಊರಿಂದೂರಿಗೆ ಸಾಗಿ, ತಾವೇ ತಯಾರಿಸಿದ ಕರಕುಶಲ ವಸ್ತುಗಳನ್ನು ಈ ಜಾತ್ರೆಗಳಲ್ಲಿ ಮಾರುತ್ತಾರೆ.

ಲಾರಿಯ ಆಯ್ಕೆ

ಆರಂಭದ ಕಾಲದಲ್ಲಿ ಸರಕು ಸಾಗಣೆಯಿಂದ ನಿವೃತ್ತವಾದ ಬ್ರಿಟಿಷ್ ಲಾರಿಗಳು, ವಿಶೇಷವಾಗಿ ಬೆಡ್‌ಫರ್ಡ್ ಲಾರಿಗಳು, ಜನಪ್ರಿಯವಾಗಿದ್ದವು. ಇವುಗಳ ಯಂತ್ರರಚನೆ ಸರಳವಾಗಿದ್ದು, ರಿಪೇರಿಯನ್ನು ಮಾಲೀಕರೇ ಮಾಡಿಕೊಳ್ಳಬಹುದಾಗಿತ್ತು. ಬೆಡ್‌ಫರ್ಡ್ ಟಿಕೆ ಮಾದರಿಯಲ್ಲಿ ಎಂಜಿನ್ ಚಾಲಕನ ಆಸನದ ಹಿಂದೆ ಇದ್ದು, ಪಕ್ಕದ ಬಾಗಿಲುಗಳ ಮೂಲಕ ಕೈಗೆ ಸಿಗುತ್ತಿತ್ತು. ಅನಂತರದ ಹಲವು ಲಾರಿಗಳಲ್ಲಿ ಎಂಜಿನ್ ನೋಡಲು ಇಡೀ ಕ್ಯಾಬಿನ್ ಮುಂದಕ್ಕೆ ಬಾಗಬೇಕು. ಅಂಥ ಲಾರಿಯ ಕ್ಯಾಬಿನ್ ಮೇಲೆ ಮಲಗುವ ಅಟ್ಟವನ್ನು ಚಾಚಿ ಕಟ್ಟಿದರೆ ಕ್ಯಾಬಿನ್ ಏಳುವುದೇ ಇಲ್ಲ. ಆದುದರಿಂದ ನಕ್ಷೆ ಬರೆಯುವ ಮೊದಲೇ ಕ್ಯಾಬಿನ್ ಬಾಗುವ ರೀತಿಯನ್ನು ಅಳೆಯುವುದು ಅವಶ್ಯಕ.

ಚಾಸಿಯ ತುಕ್ಕನ್ನು ಮೊದಲು ಪರೀಕ್ಷಿಸಬೇಕು. ಎಂಜಿನ್ ಕೆಟ್ಟರೆ ಬದಲಿಸಬಹುದು. ಮನೆ ಕಟ್ಟಿದ ಮೇಲೆ ಅದರ ಅಡಿಯ ಚಾಸಿಯನ್ನು ದುರಸ್ತಿ ಮಾಡುವುದು ಬಹಳ ಕಷ್ಟ.

ಚಾಸಿ ಮತ್ತು ಮನೆಯ ಜೋಡಣೆ

ಲಾರಿಯ ಚಾಸಿ ಏಣಿಯಾಕಾರದ ಉಕ್ಕಿನ ಚೌಕಟ್ಟು. ಒಂದು ಚಕ್ರ ದಿಬ್ಬವನ್ನೂ ಇನ್ನೊಂದು ಗುಂಡಿಯನ್ನೂ ತುಳಿದಾಗ ಈ ಚೌಕಟ್ಟು ತಿರುಚಿಕೊಳ್ಳುತ್ತದೆ. ಇದು ದೋಷವಲ್ಲ, ಎಲ್ಲ ಚಕ್ರಗಳೂ ನೆಲಕ್ಕೆ ತಾಗಿರಲೆಂದೇ ಅದನ್ನು ಹಾಗೆ ರೂಪಿಸಲಾಗಿರುತ್ತದೆ. ಆದರೆ ಮರದ ಮನೆ ತಿರುಚಿಕೊಳ್ಳಲಾರದು. ಅದನ್ನು ಚಾಸಿಗೆ ನೇರವಾಗಿ ಉದ್ದಕ್ಕೂ ಬಿಗಿದರೆ ಮೂಲೆಗಳ ಬೆಸುಗೆ ಬಿಡುತ್ತದೆ, ಬಾಗಿಲು ಹಿಡಿಯುತ್ತದೆ, ಕಿಟಕಿಯ ಗಾಜು ಸೀಳುತ್ತದೆ, ಸಂದುಗಳಲ್ಲಿ ಮಳೆನೀರು ಒಳನುಗ್ಗುತ್ತದೆ.

ಇದಕ್ಕೆ ಪರಿಹಾರವಾಗಿ ಮನೆಯನ್ನು ಪ್ರತ್ಯೇಕವಾದ ಉಪಚೌಕಟ್ಟಿನ ಮೇಲೆ ಕಟ್ಟಿ, ಆ ಉಪಚೌಕಟ್ಟನ್ನು ಚಾಸಿಗೆ ಸಡಿಲಿಕೆ ಇರುವಂತೆ ಜೋಡಿಸಲಾಗುತ್ತದೆ. ಸಾಮಾನ್ಯ ರಸ್ತೆಗಳಲ್ಲಿ ಸಾಗುವ ಲಾರಿಗೆ ಒಂದು ತುದಿಯಲ್ಲಿ ಗಟ್ಟಿ ಬೋಲ್ಟುಗಳನ್ನೂ ಇನ್ನೊಂದು ತುದಿಯಲ್ಲಿ ಸ್ಪ್ರಿಂಗ್ ಇರುವ ಬೋಲ್ಟುಗಳನ್ನೂ ಬಳಸುತ್ತಾರೆ. ಕಚ್ಚಾ ರಸ್ತೆಗಳಿಗೆ ಮೂರು ಬಿಂದುಗಳ ಆಧಾರವನ್ನು ಬಳಸುವುದುಂಟು. ಮೂರು ಕಾಲಿನ ಮಣೆ ಎಂಥ ನೆಲದಲ್ಲಿಯೂ ಕುಂಟದೆ ನಿಲ್ಲುವ ತತ್ತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಚಾಸಿಯ ಉದ್ದದ ತೊಲೆಗಳಿಗೆ ಮನಬಂದಲ್ಲಿ ರಂಧ್ರ ಕೊರೆಯುವುದು ಅಥವಾ ಬೆಸುಗೆ ಹಾಕುವುದು ಅಪಾಯಕರ. ಬಿರುಕುಗಳು ಅಲ್ಲಿಂದಲೇ ಆರಂಭವಾಗುತ್ತವೆ.

ತೂಕದ ಲೆಕ್ಕ

ಸ್ವಂತ ನಿರ್ಮಾಣದಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು ತೂಕವನ್ನು ಲೆಕ್ಕವಿಡದಿರುವುದು. ಒಟ್ಟು 6,000 ಕಿಲೋಗ್ರಾಂ ಅನುಮತಿ ಇರುವ ಲಾರಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕ್ಯಾಬಿನ್ ಮತ್ತು ಚಾಸಿಯ ತೂಕ 3,000 ಕಿಲೋಗ್ರಾಂ ಇದ್ದರೆ ಮನೆ, ನೀರು, ಸಾಮಾನು ಮತ್ತು ಜನರಿಗೆ ಉಳಿಯುವುದು 3,000 ಕಿಲೋಗ್ರಾಂ ಮಾತ್ರ. 12 ಮಿಲಿಮೀಟರ್ ದಪ್ಪದ, 2.4 ಮೀಟರ್ ಉದ್ದ ಮತ್ತು 1.2 ಮೀಟರ್ ಅಗಲದ ಒಂದು ಪ್ಲೈವುಡ್ ಹಲಗೆ ಸುಮಾರು 19 ಕಿಲೋಗ್ರಾಂ ತೂಗುತ್ತದೆ. ಅಂಥ 40 ಹಲಗೆಗಳಿಗೆ ಸುಮಾರು 760 ಕಿಲೋಗ್ರಾಂ, 200 ಲೀಟರ್ ನೀರಿಗೆ 200 ಕಿಲೋಗ್ರಾಂ, ಇಬ್ಬರು ನಿವಾಸಿಗಳಿಗೆ ಸುಮಾರು 150 ಕಿಲೋಗ್ರಾಂ ಸಂದರೆ 1,100 ಕಿಲೋಗ್ರಾಂಗಿಂತ ಹೆಚ್ಚು ಕಳೆದಂತಾಯಿತು. ಛಾವಣಿ, ಚೌಕಟ್ಟು, ಕಿಟಕಿ, ಒಲೆ, ಬ್ಯಾಟರಿ, ಪಾತ್ರೆ, ಬಟ್ಟೆ, ಪುಸ್ತಕ ಮತ್ತು ಉಪಕರಣಗಳೆಲ್ಲವೂ ಉಳಿದ ಭಾಗದಲ್ಲಿಯೇ ಸೇರಬೇಕು.

ಒಟ್ಟು ತೂಕದಷ್ಟೇ ಅದರ ಹಂಚಿಕೆಯೂ ಮುಖ್ಯ. ಭಾರವಾದ ವಸ್ತುಗಳು ತಳಭಾಗದಲ್ಲಿ, ಎರಡು ಆಕ್ಸಲ್‌ಗಳ ನಡುವೆ ಇರಬೇಕು. ಅಟ್ಟದ ಭಾರ ಹೆಚ್ಚಾದರೆ ತಿರುವುಗಳಲ್ಲಿ ವಾಹನ ವಾಲುತ್ತದೆ. ಎಡಬಲಗಳ ತೂಕವೂ ಸಮನಾಗಿರಬೇಕು. ಆದುದರಿಂದ ಕೆಲಸದ ಆರಂಭದಲ್ಲಿ, ಮಧ್ಯದಲ್ಲಿ ಮತ್ತು ಕೊನೆಯಲ್ಲಿ ಲಾರಿಯನ್ನು ತೂಕದ ಸೇತುವೆಯ ಮೇಲೆ, ಪ್ರತಿ ಆಕ್ಸಲ್‌ಗೂ ಬೇರೆಬೇರೆಯಾಗಿ ತೂಗಿಸುವುದು ಒಳ್ಳೆಯ ಪದ್ಧತಿ.

ಶಾಖ ಮತ್ತು ತೇವ

ನ್ಯೂಜಿಲೆಂಡಿನ ಚಳಿಗಾಲ ತಂಪಾಗಿಯೂ ತೇವವಾಗಿಯೂ ಇರುತ್ತದೆ. ಗೋಡೆ, ನೆಲ ಮತ್ತು ಛಾವಣಿಯ ಪದರಗಳ ನಡುವೆ ಉಣ್ಣೆ, ಪಾಲಿಸ್ಟೈರೀನ್ ಅಥವಾ ಇತರ ಶಾಖನಿರೋಧಕಗಳನ್ನು ತುಂಬಲಾಗುತ್ತದೆ. ಚಳಿಗಿಂತಲೂ ಮನೆಯನ್ನು ಹೆಚ್ಚು ಹಾಳು ಮಾಡುವುದು ಒಳಗಿನ ತೇವ. ಮನುಷ್ಯರ ಉಸಿರಿನಿಂದಲೂ ಅಡುಗೆಯಿಂದಲೂ ನೀರಾವಿ ಹೊರಡುತ್ತದೆ. 1 ಕಿಲೋಗ್ರಾಂ ಪ್ರೊಪೇನ್ ಅನಿಲ ಉರಿದಾಗ ಸುಮಾರು 1.6 ಕಿಲೋಗ್ರಾಂ ನೀರು ಆವಿಯಾಗಿ ಉಂಟಾಗುತ್ತದೆ. ಈ ಆವಿ ಗೋಡೆಯೊಳಗಿನ ತಣ್ಣನೆಯ ಲೋಹಕ್ಕೆ ತಾಗಿ ನೀರಾಗುತ್ತದೆ. ಕಾಲಕ್ರಮೇಣ ಮರ ಕೊಳೆಯುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ಒಳಗೋಡೆಯ ಹಿಂದೆ ಆವಿತಡೆಯ ಪದರವನ್ನು ಹಾಕುವುದು, ಉಕ್ಕಿನ ಚೌಕಟ್ಟು ಒಳಗಿನಿಂದ ಹೊರಗಿನವರೆಗೆ ನೇರವಾಗಿ ಹಾಯದಂತೆ ನೋಡಿಕೊಳ್ಳುವುದು ಮತ್ತು ಗಾಳಿಕಿಂಡಿಗಳನ್ನು ತೆರೆದಿಡುವುದು ಇದಕ್ಕೆ ಉಪಾಯಗಳು.

ಅನಿಲ, ಒಲೆ ಮತ್ತು ಬೆಂಕಿ

ಸಣ್ಣ, ಮುಚ್ಚಿದ ಜಾಗದಲ್ಲಿ ಬೆಂಕಿಯೇ ದೊಡ್ಡ ಅಪಾಯ. ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ಮೇಲೇರದೆ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಆದ್ದರಿಂದ ಸಿಲಿಂಡರನ್ನು ವಾಸದ ಕೋಣೆಯಿಂದ ಬೇರ್ಪಟ್ಟ, ಹೊರಗಿನಿಂದ ತೆರೆಯುವ ಗೂಡಿನಲ್ಲಿಟ್ಟು, ಆ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿಯನ್ನು ಇಡಬೇಕು.

ಸೌದೆ ಒಲೆ ಹೌಸ್‌ಟ್ರಕ್‌ನ ಗುರುತೇ ಆಗಿದೆ. ಒಲೆಗೂ ಮರದ ಗೋಡೆಗೂ ನಡುವೆ ಅಂತರ ಮತ್ತು ಉರಿಯದ ವಸ್ತುವಿನ ತಡೆ ಇರಬೇಕು. ಹೊಗೆಕೊಳವೆ ಛಾವಣಿಯನ್ನು ದಾಟುವಲ್ಲಿ ವಿಶೇಷ ರಕ್ಷಣೆ ಬೇಕು. ಗಾಳಿ ಸಾಲದೆ ಬೆಂಕಿ ಪೂರ್ಣವಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಈ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಮಲಗಿದವರು ಏಳದೆಯೇ ಸಾಯಬಹುದು. ಚಳಿಯ ರಾತ್ರಿಯಲ್ಲಿ ಗಾಳಿಕಿಂಡಿಗಳನ್ನು ಬಟ್ಟೆಯಿಂದ ಮುಚ್ಚುವುದು ಆ ಕಾರಣಕ್ಕೆ ಮಾರಕ. ಕಾರ್ಬನ್ ಮಾನಾಕ್ಸೈಡ್ ಮತ್ತು ಹೊಗೆಯ ಎಚ್ಚರಿಕೆ ಗಂಟೆಗಳು, ಬೆಂಕಿ ನಂದಿಸುವ ಸಾಧನ ಹಾಗೂ ಬಾಗಿಲಲ್ಲದೆ ಹೊರಬೀಳಲು ಇನ್ನೊಂದು ದಾರಿ ಪ್ರತಿಯೊಂದು ಹೌಸ್‌ಟ್ರಕ್‌ನಲ್ಲಿಯೂ ಇರತಕ್ಕವು.

ವಿದ್ಯುತ್ತು, ನೀರು ಮತ್ತು ಶೌಚ

ಛಾವಣಿಯ ಸೌರಫಲಕಗಳಿಂದಲೂ ಚಲಿಸುವಾಗ ಎಂಜಿನ್ನಿನಿಂದಲೂ ಬ್ಯಾಟರಿಗಳನ್ನು ತುಂಬಿಸಿಕೊಳ್ಳಲಾಗುತ್ತದೆ. 12 ವೋಲ್ಟ್, 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯ ಅರ್ಧದಷ್ಟನ್ನು ಮಾತ್ರ ಬಳಸುವುದು ಅದರ ಬಾಳಿಕೆಗೆ ಒಳ್ಳೆಯದು; ಅಂದರೆ ಸುಮಾರು 600 ವ್ಯಾಟ್-ಗಂಟೆ ದೊರೆಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದರ ಅರ್ಧಕ್ಕಿಂತ ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿಯನ್ನು ಕೊಡುತ್ತದೆ, ಆದರೆ ದುಬಾರಿ. ಪ್ರತಿ ತಂತಿಗೂ ಬ್ಯಾಟರಿಯ ಸಮೀಪದಲ್ಲಿಯೇ ಫ್ಯೂಸ್ ಇರಬೇಕು. ಹೊರಗಿನ ವಿದ್ಯುತ್ ಸಂಪರ್ಕ ಪಡೆಯುವ ವಾಹನಗಳಿಗೆ ನ್ಯೂಜಿಲೆಂಡಿನಲ್ಲಿ ವಿದ್ಯುತ್ ಸುರಕ್ಷತೆಯ ಪ್ರಮಾಣಪತ್ರ ಅಗತ್ಯ. ಅದರ ಅವಧಿ 4 ವರ್ಷ.

ಸ್ವಾವಲಂಬಿ ವಾಹನಗಳ ಕುರಿತ ಎನ್‌ಜೆಡ್‌ಎಸ್ 5465 ಎಂಬ ರಾಷ್ಟ್ರೀಯ ಮಾನದಂಡವು ಒಬ್ಬ ವ್ಯಕ್ತಿಗೆ ದಿನಕ್ಕೆ 4 ಲೀಟರಿನಂತೆ ಮೂರು ದಿನಗಳ ನೀರನ್ನು, ಅಂದರೆ ತಲಾ 12 ಲೀಟರನ್ನು ಗೊತ್ತುಪಡಿಸಿತು. ಅಷ್ಟೇ ಪ್ರಮಾಣದ ಬಚ್ಚಲ ನೀರನ್ನು ಹಿಡಿದಿಡುವ ತೊಟ್ಟಿಯನ್ನೂ ಅದು ಬಯಸಿತು. ಕೊಳಕು ನೀರನ್ನು ದಾರಿಬದಿಯಲ್ಲಿ ಚೆಲ್ಲದೆ, ಅದಕ್ಕೆಂದೇ ಇರುವ ಕೇಂದ್ರಗಳಲ್ಲಿ ಖಾಲಿ ಮಾಡಬೇಕು. 2023ರ ಸ್ವಾವಲಂಬಿ ಮೋಟಾರು ವಾಹನಗಳ ಕಾಯಿದೆಯು, ಸ್ವಾವಲಂಬಿ ಎಂಬ ಮಾನ್ಯತೆ ಪಡೆಯಲು ವಾಹನದೊಳಗೆ ಸ್ಥಿರವಾಗಿ ಅಳವಡಿಸಿದ ಶೌಚಾಲಯ ಇರಬೇಕೆಂದು ವಿಧಿಸಿತು.

ಕಾನೂನು

ನ್ಯೂಜಿಲೆಂಡಿನಲ್ಲಿ ಕಾರು ಓಡಿಸುವ ಮೊದಲನೆಯ ವರ್ಗದ ಪರವಾನಗಿಯಿಂದ 6,000 ಕಿಲೋಗ್ರಾಂವರೆಗಿನ ವಾಹನವನ್ನು ಓಡಿಸಬಹುದು. ಅದಕ್ಕಿಂತ ಭಾರವಾದುದಕ್ಕೆ ಎರಡನೆಯ ವರ್ಗದ ಪರವಾನಗಿ ಬೇಕು. 3,500 ಕಿಲೋಗ್ರಾಂ ಮೀರಿದ ವಾಹನಗಳು ರಸ್ತೆ ಬಳಕೆಯ ಶುಲ್ಕವನ್ನು ತೆರಬೇಕು. ವಾಹನದ ಎತ್ತರ 4.3 ಮೀಟರ್, ಅಗಲ 2.55 ಮೀಟರ್ ಮೀರುವಂತಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಬೀಡುಬಿಡುವುದನ್ನು 2011ರ ಫ್ರೀಡಂ ಕ್ಯಾಂಪಿಂಗ್ ಕಾಯಿದೆ ನಿಯಂತ್ರಿಸುತ್ತದೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು 2004ರ ಕಟ್ಟಡ ಕಾಯಿದೆಯ 8ನೆಯ ಪ್ರಕರಣ. ಅದರಂತೆ, ಚಲಿಸಲಾಗದ ಸ್ಥಿತಿಯಲ್ಲಿದ್ದು, ಜನರು ಶಾಶ್ವತವಾಗಿ ಅಥವಾ ದೀರ್ಘಕಾಲ ವಾಸಿಸುತ್ತಿರುವ ವಾಹನವೂ ‘ಕಟ್ಟಡ’ವೆಂದೇ ಪರಿಗಣಿತವಾಗುತ್ತದೆ. ಈ ಎರಡು ಷರತ್ತುಗಳೂ ಒಟ್ಟಿಗೆ ಇರಬೇಕು. ಅಂದರೆ ಹೌಸ್‌ಟ್ರಕ್ಕಿನಲ್ಲಿ ವರ್ಷಗಟ್ಟಲೆ ವಾಸಿಸಿದರೂ ಅದು ಓಡುವ ಸ್ಥಿತಿಯಲ್ಲಿದ್ದರೆ ಈ ಪ್ರಕರಣದಂತೆ ಕಟ್ಟಡವಾಗುವುದಿಲ್ಲ. ಚಕ್ರ ಕಳಚಿ, ಜಗಲಿ ಕಟ್ಟಿ, ನೆಲಕ್ಕೆ ಬಿಗಿದರೆ ಕಟ್ಟಡದ ಪರವಾನಗಿಯ ಪ್ರಶ್ನೆ ಏಳುತ್ತದೆ. ಟ್ರೇಲರ್ ಮೇಲೆ ಕಟ್ಟಿದ ಪುಟ್ಟ ಮನೆಯೊಂದರ ಬಗ್ಗೆ 2020ರಲ್ಲಿ ಜಿಲ್ಲಾ ನ್ಯಾಯಾಲಯವು, ಅದು ವಾಹನವೇ ಹೊರತು ಕಟ್ಟಡವಲ್ಲವೆಂದು ತೀರ್ಪಿತ್ತಿತು. ಹೀಗಾಗಿ ಎಂಜಿನ್ನು ಮತ್ತು ಚಕ್ರಗಳನ್ನು ಸುಸ್ಥಿತಿಯಲ್ಲಿಡುವುದು ಪ್ರಯಾಣಕ್ಕೆ ಮಾತ್ರವಲ್ಲ, ಮನೆಯನ್ನು ಉಳಿಸಿಕೊಳ್ಳುವುದಕ್ಕೂ ಅವಶ್ಯಕವಾಗಿದೆ.

ಬ್ರಿಟನ್ನಿನ ಅನುಭವ

ಲಾರಿ ಮತ್ತು ಬಸ್ಸುಗಳನ್ನು ಮನೆಯಾಗಿಸಿಕೊಂಡ ಸಂಚಾರಿ ಸಮುದಾಯ 1970 ಮತ್ತು 1980ರ ದಶಕಗಳಲ್ಲಿ ಬ್ರಿಟನ್ನಿನಲ್ಲಿಯೂ ಬೆಳೆಯಿತು. 1985ರ ಜೂನ್ 1ರಂದು ಸ್ಟೋನ್‌ಹೆಂಜ್ ಉತ್ಸವಕ್ಕೆ ಹೊರಟಿದ್ದ ಇಂಥ ವಾಹನಗಳ ಸಾಲನ್ನು ಪೊಲೀಸರು ವಿಲ್ಟ್‌ಶೈರ್ ಪ್ರಾಂತ್ಯದಲ್ಲಿ ತಡೆದರು. 500ಕ್ಕೂ ಹೆಚ್ಚು ಜನರ ಬಂಧನವಾಯಿತು. ಅನೇಕ ವಾಹನಗಳು ಜಖಂಗೊಂಡವು. ‘ಬೀನ್‌ಫೀಲ್ಡ್ ಕದನ’ವೆಂದು ಹೆಸರಾದ ಈ ಘಟನೆಯಲ್ಲಿ ಒಡೆದುಹೋದ ವಾಹನಗಳು ಅದರ ಮಾಲೀಕರ ಪಾಲಿಗೆ ಇದ್ದ ಒಂದೇ ಮನೆಯಾಗಿದ್ದವು. ಮುಂದೆ 1994ರ ಕ್ರಿಮಿನಲ್ ನ್ಯಾಯ ಮತ್ತು ಸಾರ್ವಜನಿಕ ಸುವ್ಯವಸ್ಥೆ ಕಾಯಿದೆಯು ಸಂಚಾರಿಗಳ ಬೀಡುಗಳನ್ನು ತೆರವುಗೊಳಿಸುವ ಅಧಿಕಾರವನ್ನು ಹೆಚ್ಚಿಸಿತು. ಸಂಚಾರಿಗಳಿಗೆ ನಿವೇಶನ ಒದಗಿಸಬೇಕೆಂದು ಸ್ಥಳೀಯ ಸಂಸ್ಥೆಗಳ ಮೇಲೆ 1968ರ ಕಾಯಿದೆ ಹೊರಿಸಿದ್ದ ಹೊಣೆಯನ್ನೂ ಅದು ತೆಗೆದುಹಾಕಿತು.

ಇವನ್ನೂ ನೋಡಿ

ಮೋಟಾರ್‌ಹೋಮ್
ಕ್ಯಾರವಾನ್
ರೋಮಾನಿ ಜನರು
ನ್ಯೂಜಿಲೆಂಡ್