ದಿನಚರಿಗಳ ವಾರಸು: ಮಾರ್ಗರೆಟ್ ವಾಕರ್ ಅವರ ಬದುಕು ಮತ್ತು ಕಾಗದಪತ್ರಗಳು

ಅಮೆರಿಕದ ದಕ್ಷಿಣ ರಾಜ್ಯಗಳ ದೊಡ್ಡ ಲೇಖಕರ ಕಾಗದಪತ್ರಗಳು ಕೊನೆಗೆ ಎಲ್ಲಿ ಸೇರಿದವು ಎಂಬುದನ್ನು ಹಿಂಬಾಲಿಸಿದರೆ ಆ ಸಮಾಜದ ಶ್ರೇಣಿಯೂ ಕಣ್ಣಿಗೆ ಬೀಳುತ್ತದೆ. ವಿಲಿಯಂ ಫಾಕ್ನರ್ ಅವರ ಹಸ್ತಪ್ರತಿಗಳ ಮುಖ್ಯ ಸಂಗ್ರಹ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿದೆ. ರಾಬರ್ಟ್ ಪೆನ್ ವಾರನ್ ಅವರದು ಯೇಲ್ ಪಾಲಾಯಿತು. ಜಾಕ್ಸನ್ ಪಟ್ಟಣದ ಯೂಡೋರಾ ವೆಲ್ಟಿ ತಮ್ಮ ಕಾಗದಗಳನ್ನು ಮಿಸಿಸಿಪಿಯ ಸರ್ಕಾರಿ ಪತ್ರಾಗಾರಕ್ಕೆ ಒಪ್ಪಿಸಿದರು. ಅದೇ ಜಾಕ್ಸನ್‌ನಲ್ಲಿ ಸುಮಾರು ಅರ್ಧ ಶತಮಾನ ಬದುಕಿದ ಇನ್ನೊಬ್ಬ ಲೇಖಕಿ, ಕಾದಂಬರಿಕಾರ್ತಿ ಮತ್ತು ಪ್ರಾಧ್ಯಾಪಕಿ ಮಾರ್ಗರೆಟ್ ವಾಕರ್ ಅವರ ದಿನಚರಿಗಳು, ಕರಡುಗಳು, ಪತ್ರಗಳು ಇರುವುದು ಜಾಕ್ಸನ್ ಸ್ಟೇಟ್ ವಿಶ್ವವಿದ್ಯಾಲಯದ ಅತ್ಯಂತ ಹಳೆಯ ಕಟ್ಟಡವಾದ ಏಯರ್ ಹಾಲ್‌ನಲ್ಲಿ. ಅವುಗಳನ್ನು ಕಾಯುತ್ತಿರುವ ಕೇಂದ್ರವನ್ನು ಕಟ್ಟಿದವರು ಸ್ವತಃ ವಾಕರ್.

ಇದನ್ನು ಕೇವಲ ಸ್ಥಳಾಭಿಮಾನವೆಂದು ಬದಿಗಿಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕಾಗದ ಯಾರದು, ಅದನ್ನು ಇಟ್ಟುಕೊಳ್ಳುವವರು ಯಾರು, ಅದರಿಂದ ಕಥೆ ಕಟ್ಟುವ ಹಕ್ಕು ಯಾರಿಗೆ ಎಂಬ ಪ್ರಶ್ನೆಗಳು ವಾಕರ್ ಅವರ ಬರವಣಿಗೆಯನ್ನೂ ಬದುಕನ್ನೂ ಉದ್ದಕ್ಕೂ ಕಾಡಿದವು. ಇದೇ ಪ್ರಶ್ನೆಗಾಗಿ ಅವರು ಎರಡು ಸಲ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಯಿತು. ಆದ್ದರಿಂದ ಅವರ ಸಂಗ್ರಹವನ್ನು ಕೃತಿಗಳ ಹಿಂದಿನ ಕಚ್ಚಾ ಸಾಮಗ್ರಿಯೆಂದಷ್ಟೇ ನೋಡದೆ, ಕೃತಿಗಳ ಸಾಲಿಗೇ ಸೇರಿಸಿ ಓದಬೇಕು.

ವಾಕರ್ ಹುಟ್ಟಿದ್ದು 1915ರ ಜುಲೈ 7ರಂದು, ಅಲಬಾಮಾದ ಬರ್ಮಿಂಗ್‌ಹ್ಯಾಂನಲ್ಲಿ. ತಂದೆ ಸಿಗಿಸ್ಮಂಡ್ ವಾಕರ್ ಜಮೈಕಾದಿಂದ ಬಂದ ಮೆಥಡಿಸ್ಟ್ ಪಾದ್ರಿ, ತಾಯಿ ಮೇರಿಯನ್ ಡೋಜಿಯರ್ ಸಂಗೀತದ ಶಿಕ್ಷಕಿ. 1925ರಲ್ಲಿ ಕುಟುಂಬ ನ್ಯೂ ಆರ್ಲಿಯನ್ಸ್‌ಗೆ ಹೋಯಿತು. ಮನೆ ಪುಸ್ತಕಗಳ ಮನೆ. ಮಗಳು ಕವಿತೆ ಬರೆಯುವುದನ್ನು ಕಂಡ ತಂದೆ ಆಕೆಗೊಂದು ದಿನಚರಿ ಪುಸ್ತಕ ತಂದುಕೊಟ್ಟರು. ಮುಂದೆ ಬದುಕಿಡೀ ಬಿಡದೆ ಉಳಿದ ಅಭ್ಯಾಸದ ಮೊದಲು ಅದು. 1932ರಲ್ಲಿ ಊರಿಗೆ ಕವಿತೆ ಓದಲು ಬಂದಿದ್ದ ಲ್ಯಾಂಗ್‌ಸ್ಟನ್ ಹ್ಯೂಸ್ ಈ ಹುಡುಗಿಯ ಪದ್ಯಗಳನ್ನು ನೋಡಿ, ಉತ್ತರಕ್ಕೆ ಕಳಿಸಿ ಓದಿಸಿ ಎಂದು ಹೇಳಿದರು. 1935ರಲ್ಲಿ ನಾರ್ತ್‌ವೆಸ್ಟರ್ನ್‌ನಿಂದ ಪದವಿ ಸಿಕ್ಕಿತು. ಆಮೇಲೆ ಶಿಕಾಗೋದಲ್ಲಿ ನಿರುದ್ಯೋಗಿ ಲೇಖಕರಿಗೆಂದು ಸರ್ಕಾರ ನಡೆಸುತ್ತಿದ್ದ ಯೋಜನೆಯಲ್ಲಿ ಕೆಲಸ, 1940ರಲ್ಲಿ ಅಯೋವಾದಿಂದ ಎಂ.ಎ. ಅಲ್ಲಿ ಪ್ರಬಂಧವಾಗಿ ಸಲ್ಲಿಸಿದ ಕವಿತೆಗಳು 1942ರಲ್ಲಿ ‘ಫಾರ್ ಮೈ ಪೀಪಲ್’ ಎಂಬ ಹೆಸರಿನಲ್ಲಿ ಯೇಲ್‌ನ ಯುವಕವಿ ಮಾಲೆಯಲ್ಲಿ ಬಂದವು. ಆ ಮಾಲೆಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಅವರೇ. ಆಗ ಅವರ ವಯಸ್ಸು 27.

ಈ ಕವಿಯೊಳಗೆ ಕಾದಂಬರಿಯೊಂದು ಆಗಲೇ ಕೂತಿತ್ತು. ಅಜ್ಜಿ ಎಲ್ವೈರಾ ವೇರ್ ಡೋಜಿಯರ್ ಅದೇ ಮನೆಯಲ್ಲಿದ್ದರು. ಜಾರ್ಜಿಯಾದ ತೋಟವೊಂದರಲ್ಲಿ ಗುಲಾಮಳಾಗಿದ್ದ ತಮ್ಮ ತಾಯಿಯ ಕಥೆಯನ್ನು ರಾತ್ರಿ ಮಲಗುವ ಹೊತ್ತಿಗೆ ಮೊಮ್ಮಗಳಿಗೆ ಹೇಳುತ್ತಿದ್ದರು. ಇಂಥ ಕಥೆ ಎಳೆಯ ಮಕ್ಕಳಿಗೆ ಏಕೆ ಎಂಬ ಆಕ್ಷೇಪ ಮನೆಯಲ್ಲೇ ಬಂದಾಗಲೂ ಅಜ್ಜಿ ಬಗ್ಗಲಿಲ್ಲ; ನಡೆದದ್ದನ್ನೇ ಹೇಳುತ್ತಿದ್ದೇನೆ ಎಂಬುದು ಅವರ ನಿಲುವು. ನಾರ್ತ್‌ವೆಸ್ಟರ್ನ್‌ನಲ್ಲಿ ಓದುವಾಗಲೇ ವಾಕರ್ ಈ ಕಥೆಯನ್ನು ಬರೆಯಲು ತೊಡಗಿದ್ದರು. ಅದರಿಂದ ಹುಟ್ಟಿದ ಕಾದಂಬರಿ ‘ಜುಬಿಲಿ’ ಮುಗಿದದ್ದು 1965ರ ಏಪ್ರಿಲ್‌ನಲ್ಲಿ, ಅಯೋವಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧವಾಗಿ. 1966ರಲ್ಲಿ ಅದು ಪುಸ್ತಕವಾಯಿತು. ನಡುವೆ ಮೂವತ್ತು ವರ್ಷಗಳು ಉರುಳಿದ್ದವು.

ಈ ಮೂವತ್ತು ವರ್ಷಗಳನ್ನು ಮದುವೆ, ನಾಲ್ಕು ಮಕ್ಕಳು, ಸಂಬಳದ ಚಿಂತೆ ಎಂದು ವಿವರಿಸಿಬಿಡುವುದು ವಾಡಿಕೆ. ವಾಕರ್ ಕೂಡ ಅದನ್ನು ಅಲ್ಲಗಳೆದವರಲ್ಲ. ಆದರೆ ಕಾರಣ ಅಷ್ಟೇ ಆಗಿರಲಿಲ್ಲ. ‘ಹೌ ಐ ರೋಟ್ ಜುಬಿಲಿ’ ಎಂಬ 1972ರ ಪ್ರಬಂಧದಲ್ಲಿ ಅವರು ಕೆಲಸದ ಬಗೆಯನ್ನು ಬಿಡಿಸಿಟ್ಟಿದ್ದಾರೆ. ಅಜ್ಜಿ ಹೇಳಿದ್ದನ್ನು ನಂಬಿ ಬರೆದುಬಿಡಲು ಅವರಿಗೆ ಮನಸ್ಸು ಒಪ್ಪಲಿಲ್ಲ. 1944ರಲ್ಲಿ ರೋಸನ್‌ವಾಲ್ಡ್ ವಿದ್ಯಾರ್ಥಿವೇತನ ದೊರೆಯಿತು, 1953ರಲ್ಲಿ ಫೋರ್ಡ್ ಪ್ರತಿಷ್ಠಾನದ್ದು. ಗುಲಾಮರ ಆತ್ಮಕಥನಗಳು, ತೋಟದ ಒಡೆಯರ ದಿನಚರಿಗಳು, ಅಂತರ್ಯುದ್ಧದ ಇತಿಹಾಸಗಳು, ಕೋರ್ಟು ಕಚೇರಿಯ ಕಡತಗಳು ಎಲ್ಲವನ್ನೂ ಓದಿದರು. ಮುತ್ತಜ್ಜ ರ್‍ಯಾಂಡಲ್ ವೇರ್ ಬದುಕಿದ್ದ ಜಾರ್ಜಿಯಾದ ಡಾಸನ್‌ಗೂ, ಮುತ್ತಜ್ಜಿಯ ಸಂಸಾರ ಕೊನೆಗೆ ನೆಲೆ ನಿಂತ ಅಲಬಾಮಾದ ಗ್ರೀನ್‌ವಿಲ್‌ಗೂ ಹೋಗಿಬಂದರು.

ದಕ್ಷಿಣದ ಪತ್ರಾಗಾರದಲ್ಲಿ ಗುಲಾಮರ ಬಗ್ಗೆ ಕಾಗದಕ್ಕೇನೂ ಕೊರತೆ ಇಲ್ಲ. ಒಡೆಯ ಸತ್ತಾಗ ಮಾಡುವ ಆಸ್ತಿಪಟ್ಟಿಯಲ್ಲಿ ಹೇಸರಗತ್ತೆಗಳ ಪಕ್ಕದಲ್ಲೇ ಹೆಂಗಸರ, ಮಕ್ಕಳ ಹೆಸರಿರುತ್ತದೆ, ಎದುರಿಗೆ ಬೆಲೆ ಇರುತ್ತದೆ. ಅನೇಕ ಕಡೆ ಮೊದಲ ಹೆಸರು ಮಾತ್ರ. ಆಕೆ ಏನು ಹಾಡುತ್ತಿದ್ದಳು, ಯಾವ ಸೊಪ್ಪಿನಿಂದ ಜ್ವರಕ್ಕೆ ಕಷಾಯ ಮಾಡುತ್ತಿದ್ದಳು, ಯಾರನ್ನು ಮದುವೆಯಾಗಲು ಬಯಸಿದಳು ಎಂಬುದು ಆ ಪಟ್ಟಿಗೆ ಬೇಕಾಗಿರಲಿಲ್ಲ. ಅಜ್ಜಿಯ ಬಾಯಲ್ಲಿ ಇದ್ದದ್ದು ಅದೇ. ವಾಕರ್ ಒಂದನ್ನು ಇನ್ನೊಂದರ ಎದುರು ಹಿಡಿದು ಪರೀಕ್ಷಿಸಿದರು. ಕಡತ ವರ್ಷವನ್ನೂ ಸ್ಥಳವನ್ನೂ ಕೊಟ್ಟಿತು, ಅಜ್ಜಿ ಮನುಷ್ಯರನ್ನು ಕೊಟ್ಟರು.

ಕಾದಂಬರಿಯ ಒಳಗೂ ಕಾಗದದ ಬಲ ಗೋಚರಿಸುತ್ತದೆ. ನಾಯಕಿ ವೈರಿ ಒಡೆಯ ಜಾನ್ ಡಟನ್‌ಗೆ ಗುಲಾಮಳಾದ ಹೆಟ್ಟಾಳಲ್ಲಿ ಹುಟ್ಟಿದ ಮಗಳು. ಆಕೆ ಪ್ರೀತಿಸುವ ರ್‍ಯಾಂಡಲ್ ವೇರ್ ಸ್ವತಂತ್ರ ಕಮ್ಮಾರ, ಓದುಬರಹ ಬಲ್ಲವನು. ಆದರೆ ಅಂದಿನ ಜಾರ್ಜಿಯಾದಲ್ಲಿ ಸ್ವತಂತ್ರ ಕಪ್ಪು ಮನುಷ್ಯನಿಗೂ ಬಿಳಿಯ ಪೋಷಕನೊಬ್ಬ ಕಾನೂನಿನ ಪ್ರಕಾರ ಬೇಕಿತ್ತು. ಮಕ್ಕಳನ್ನು ಕರೆದುಕೊಂಡು ತಪ್ಪಿಸಿಕೊಳ್ಳಲು ಹೊರಟ ವೈರಿ ಸಿಕ್ಕಿಬಿದ್ದು ಚಾಟಿಯೇಟು ತಿನ್ನುತ್ತಾಳೆ. ಆಕೆಗೆ ಅಕ್ಷರ ಬಾರದು. ಯುದ್ಧ ಮುಗಿದ ಮೇಲೆ ಒಂದು ಮನೆ ಪ್ರವಾಹದಲ್ಲಿ ಹೋಗುತ್ತದೆ, ಇನ್ನೊಂದಕ್ಕೆ ಬೆಂಕಿ ಬೀಳುತ್ತದೆ. ಕೊನೆಯಲ್ಲಿ ಮಗ ಜಿಮ್ ತಂದೆಯ ಜೊತೆ ಸೆಲ್ಮಾಕ್ಕೆ ಶಾಲೆಗೆ ಹೊರಡುತ್ತಾನೆ. ವೈರಿಯ ಮಗಳಾಗಿ ಬರುವ ಮಿನ್ನಾ ವಾಸ್ತವದಲ್ಲಿ ವಾಕರ್ ಅವರ ಅಜ್ಜಿಯೇ. ಪುಸ್ತಕ ಅಲ್ಲಲ್ಲಿ ಸಂಶೋಧನೆಯ ಭಾರಕ್ಕೆ ಬಗ್ಗುತ್ತದೆ, ಯುದ್ಧದ ಅಧ್ಯಾಯಗಳಲ್ಲಿ ಪಾಠದ ದನಿ ಕೇಳುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಅಡುಗೆಮನೆಯ ಅಧ್ಯಾಯಗಳ ಬಗ್ಗೆ ಮಾತ್ರ ಆ ಮಾತು ಆಡಲಾಗದು.

1949ರಿಂದ 1979ರವರೆಗೆ ವಾಕರ್ ಜಾಕ್ಸನ್ ಸ್ಟೇಟ್‌ನಲ್ಲಿ ಪಾಠ ಹೇಳಿದರು. ಊರಲ್ಲಿ ಅವರು ಗಂಡನ ಮನೆಯ ಹೆಸರಿನ ಡಾಕ್ಟರ್ ಅಲೆಕ್ಸಾಂಡರ್. ಅವರ ಮನೆ ಗೈನ್ಸ್ ರಸ್ತೆಯಲ್ಲಿತ್ತು. ನಾಗರಿಕ ಹಕ್ಕುಗಳ ನಾಯಕ ಮೆಡ್ಗರ್ ಎವರ್ಸ್ ವಾಸವಿದ್ದದ್ದೂ ಅದೇ ರಸ್ತೆಯಲ್ಲಿ. 1963ರ ಜೂನ್ 12ರಂದು ಎವರ್ಸ್ ತಮ್ಮ ಮನೆಯ ಅಂಗಳದಲ್ಲೇ ಗುಂಡಿಗೆ ಬಲಿಯಾದರು. ವಾಕರ್ ಅವರ ‘ಪ್ರಾಫೆಟ್ಸ್ ಫಾರ್ ಎ ನ್ಯೂ ಡೇ’ ಸಂಗ್ರಹದಲ್ಲಿ ಅವರ ನೆನಪಿನ ಕವಿತೆಯಿದೆ. ಆ ಸಂಗ್ರಹ ಬಂದ ವರ್ಷವೇ, 1970ರ ಮೇ ತಿಂಗಳಲ್ಲಿ, ಕಾಲೇಜಿನ ಆವರಣದಲ್ಲಿ ಪೊಲೀಸರು ವಿದ್ಯಾರ್ಥಿನಿಲಯದ ಕಡೆ ಗುಂಡು ಹಾರಿಸಿ ಇಬ್ಬರು ಯುವಕರು ಸತ್ತರು. ಗೈನ್ಸ್ ರಸ್ತೆಗೆ ಈಗ ವಾಕರ್ ಅವರದೇ ಹೆಸರು.

ಇಂಥ ಆವರಣದಲ್ಲಿ 1968ರಲ್ಲಿ ಅವರು ಕಪ್ಪು ಜನರ ಇತಿಹಾಸ, ಬದುಕು ಮತ್ತು ಸಂಸ್ಕೃತಿಯ ಅಧ್ಯಯನಕ್ಕೊಂದು ಸಂಸ್ಥೆ ಸ್ಥಾಪಿಸಿದರು; ಅವರ ಕಾಗದಗಳನ್ನು ಈಗ ಕಾಯುತ್ತಿರುವ ಕೇಂದ್ರ ಅದೇ. ಕಪ್ಪು ಅಧ್ಯಯನವೆಂಬ ವಿಷಯ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಆಗಷ್ಟೇ ಕಣ್ಣು ಬಿಡುತ್ತಿತ್ತು. 1973ರಲ್ಲಿ, ಫಿಲಿಸ್ ವೀಟ್ಲಿಯವರ ಕವನ ಸಂಕಲನ ಪ್ರಕಟವಾಗಿ ಇನ್ನೂರು ವರ್ಷ ತುಂಬಿದ ನೆಪದಲ್ಲಿ, ವಾಕರ್ ಜಾಕ್ಸನ್‌ನಲ್ಲಿ ಕಪ್ಪು ಕವಯಿತ್ರಿಯರ ಉತ್ಸವ ನಡೆಸಿದರು. ನಿಕ್ಕಿ ಜಿಯೊವಾನಿ, ಆಡ್ರಿ ಲಾರ್ಡ್, ಆಲಿಸ್ ವಾಕರ್, ಲೂಸಿಲ್ ಕ್ಲಿಫ್ಟನ್ ಬಂದಿದ್ದರು. ಮುಂದೆ ದೊಡ್ಡ ಹೆಸರಾದವರೆಲ್ಲ ಒಂದೇ ವೇದಿಕೆಯಲ್ಲಿ ಸೇರಿದ ಅಪರೂಪದ ಸಂದರ್ಭವದು.

ಇನ್ನು ಆ ಎರಡು ಮೊಕದ್ದಮೆಗಳು. 1976ರಲ್ಲಿ ಅಲೆಕ್ಸ್ ಹೇಲಿಯವರ ‘ರೂಟ್ಸ್’ ಬಂದು ದೇಶವೇ ಅದರ ಮಾತಾಡುತ್ತಿತ್ತು. ಅದರಲ್ಲಿ ‘ಜುಬಿಲಿ’ಯ ಹಾಗೂ ಅದರ ರಚನೆಯ ಕುರಿತ ತಮ್ಮ ಪ್ರಬಂಧದ ಸಾಮಗ್ರಿ ಇದೆಯೆಂದು ವಾಕರ್ ದಾವೆ ಹೂಡಿದರು. 1978ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಅದನ್ನು ವಜಾ ಮಾಡಿತು. ನ್ಯಾಯಾಧೀಶ ಮಾರ್ವಿನ್ ಫ್ರಾಂಕೆಲ್ ಅವರ ತರ್ಕವೆಂದರೆ, ಸಮಾನವೆಂದು ತೋರಿಸಿದ ಅಂಶಗಳು ಇತಿಹಾಸದವು, ಜನಪದದವು ಅಥವಾ ಈ ವಸ್ತುವಿನ ಯಾವ ಕಥೆಯಲ್ಲೂ ಬಂದೇ ಬರುವಂಥವು. ಬೇಟೆನಾಯಿಗಳು ಬೆನ್ನಟ್ಟಿದ ಪಲಾಯನ, ಮನುಷ್ಯರ ಮಾರಾಟ, ಗುಲಾಮರ ಹಾಡು ಇವು ಯಾರೊಬ್ಬರ ಸ್ವತ್ತೂ ಅಲ್ಲ. ಅದೇ ವರ್ಷ ಹೆರಾಲ್ಡ್ ಕೂರ್ಲ್ಯಾಂಡರ್ ಎಂಬ ಬಿಳಿಯ ಲೇಖಕರು ತಮ್ಮ ‘ದಿ ಆಫ್ರಿಕನ್’ ಕಾದಂಬರಿಯ ವಿಷಯವಾಗಿ ಹಾಕಿದ್ದ ದಾವೆಯಲ್ಲಿ ಹೇಲಿ ಹಣ ಕೊಟ್ಟು ರಾಜಿಯಾದರು. ಕಾನೂನಿನ ಲೆಕ್ಕದಲ್ಲಿ ಎರಡೂ ಪ್ರಕರಣ ಬೇರೆ ಬೇರೆ. ಕೂರ್ಲ್ಯಾಂಡರ್ ವಾಕ್ಯಗಳನ್ನೇ ಎತ್ತಿ ತೋರಿಸಿದ್ದರು. ತೀರ್ಪನ್ನು ತಪ್ಪೆನ್ನಲು ನನಗೆ ಆಧಾರ ಕಾಣುವುದಿಲ್ಲ. ಆದರೂ ಅಜ್ಜಿಯ ಬಾಯಿಂದ ಕೇಳಿದ್ದನ್ನು ಕಡತಗಳಲ್ಲಿ ಖಚಿತಪಡಿಸಿಕೊಳ್ಳಲು ಮೂವತ್ತು ವರ್ಷ ಸವೆಸಿದವರಿಗೆ, ಅದು ಎಲ್ಲರ ಸ್ವತ್ತು ಎಂದು ಕೇಳಿಸಿಕೊಳ್ಳುವುದು ಹೇಗಿದ್ದೀತು!

ಎರಡನೆಯದು ಕಾದಂಬರಿಕಾರ ರಿಚರ್ಡ್ ರೈಟ್ ಅವರಿಗೆ ಸಂಬಂಧಿಸಿದ್ದು. ಶಿಕಾಗೋ ದಿನಗಳಲ್ಲಿ ಇಬ್ಬರೂ ಆಪ್ತರು, ಪರಸ್ಪರರ ಕರಡು ಓದುತ್ತಿದ್ದವರು. 1937ರಲ್ಲಿ ರೈಟ್ ನ್ಯೂಯಾರ್ಕಿಗೆ ಹೋದ ಮೇಲೂ ಪತ್ರ ನಿಲ್ಲಲಿಲ್ಲ. ‘ನೇಟಿವ್ ಸನ್’ ಬರೆಯುತ್ತಿದ್ದ ರೈಟ್ ಅವರಿಗೆ ಶಿಕಾಗೋದ ರಾಬರ್ಟ್ ನಿಕ್ಸನ್ ಕೊಲೆ ಪ್ರಕರಣದ ಪತ್ರಿಕಾ ತುಣುಕುಗಳನ್ನು ಕತ್ತರಿಸಿ ಕಳಿಸುತ್ತಿದ್ದವರು ವಾಕರ್. 1939ರಲ್ಲಿ ಗೆಳೆತನ ಒಮ್ಮೆಲೇ ಮುರಿಯಿತು. ರೈಟ್ 1960ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು, ಅವರ ಕಾಗದಪತ್ರ ಯೇಲ್‌ನ ಬೈನೆಕಿ ಗ್ರಂಥಾಲಯಕ್ಕೆ ಬಂದವು. 1988ರಲ್ಲಿ ವಾಕರ್ ಬರೆದ ‘ರಿಚರ್ಡ್ ರೈಟ್: ಡೀಮಾನಿಕ್ ಜೀನಿಯಸ್’ ಪ್ರಕಟವಾದಾಗ, ಅಪ್ರಕಟಿತ ಪತ್ರ ಮತ್ತು ದಿನಚರಿಗಳನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂದು ರೈಟ್ ಅವರ ಪತ್ನಿ ಎಲೆನ್ ರೈಟ್ ಪ್ರಕಾಶಕರ ಮೇಲೂ ವಾಕರ್ ಮೇಲೂ ದಾವೆ ಹಾಕಿದರು.

ಕಾಲ ಜೀವನಚರಿತ್ರೆಕಾರರಿಗೆ ಅನುಕೂಲವಾಗಿರಲಿಲ್ಲ. ಈ ದಾವೆ ಮುಂದೆ ತಲುಪಿದ ಮೇಲ್ಮನವಿ ನ್ಯಾಯಾಲಯವೇ 1987ರಲ್ಲಷ್ಟೇ ಜೆ.ಡಿ. ಸ್ಯಾಲಿಂಜರ್ ಅವರ ಪತ್ರಗಳನ್ನು ಬಳಸಿದ್ದ ಪುಸ್ತಕವೊಂದಕ್ಕೆ ತಡೆ ಒಡ್ಡಿತ್ತು. ವಾಕರ್ ಪ್ರಕರಣದಲ್ಲಿ ಇನ್ನೊಂದು ತೊಡಕೂ ಇತ್ತು. ಬೈನೆಕಿಯ ಕಡತ ನೋಡುವ ಮೊದಲು ಅವರು ಗ್ರಂಥಾಲಯದ ನಮೂನೆಗೆ ಸಹಿ ಹಾಕಿದ್ದರು. ಅದರ ಷರತ್ತನ್ನು ಮುರಿದರೆಂಬುದೂ ಆರೋಪದ ಭಾಗವಾಗಿತ್ತು. 1991ರಲ್ಲಿ ನ್ಯಾಯಾಲಯ ವಾಕರ್ ಪರ ನಿಂತಿತು. ಬಳಸಿದ್ದು ಅಲ್ಪ, ಬಹುಪಾಲು ಸಂಗತಿಯನ್ನು ಹೇಳಲಷ್ಟೇ ಬಳಸಿದ್ದು, ಪುಸ್ತಕ ವಿದ್ವತ್ತಿನ ಉದ್ದೇಶದ್ದು, ಆದ್ದರಿಂದ ಇದು ನ್ಯಾಯೋಚಿತ ಬಳಕೆ ಎಂದಿತು. ಪತ್ರಗಳು ಅಪ್ರಕಟಿತ ಎಂಬ ಅಂಶ ಎಲೆನ್ ರೈಟ್ ಪರವಾಗಿದ್ದರೂ ಅದೊಂದೇ ನಿರ್ಣಾಯಕವಾಗಲಿಲ್ಲ. ಗ್ರಂಥಾಲಯದ ನಮೂನೆಯ ವಾದವೂ ಬಿದ್ದುಹೋಯಿತು. ಮರುವರ್ಷ, 1992ರಲ್ಲಿ, ಅಮೆರಿಕದ ಸಂಸತ್ತು ಕಾನೂನಿಗೇ ತಿದ್ದುಪಡಿ ತಂದು, ಅಪ್ರಕಟಿತವೆಂಬ ಒಂದೇ ಕಾರಣಕ್ಕೆ ನ್ಯಾಯೋಚಿತ ಬಳಕೆಗೆ ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿತು.

1978ರಲ್ಲಿ ಸಂಗತಿ ಎಲ್ಲರದೂ ಎಂಬ ತತ್ತ್ವದಿಂದ ವಾಕರ್ ಸೋತರು. 1991ರಲ್ಲಿ ಗೆದ್ದದ್ದೂ ಬಹುಮಟ್ಟಿಗೆ ಅದೇ ತತ್ತ್ವದ ಬಲದಿಂದ. ವಾಕರ್ ಕುರಿತ ಬರಹಗಳು ಈ ಎರಡು ಪ್ರಕರಣಗಳನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುತ್ತವೆ. ಒಟ್ಟಿಗೆ ಇಟ್ಟು ನೋಡಿದರೆ ಆಕೆ ತಮ್ಮ ಕಾಗದಗಳನ್ನು ಏಕೆ ಹೊರಗೆ ಕೊಡಲಿಲ್ಲ ಎಂಬುದಕ್ಕೆ ಒಂದು ವಿವರಣೆ ಸಿಗುತ್ತದೆ. ಹಕ್ಕುಸ್ವಾಮ್ಯದ ಕಾನೂನು ನೆನಪನ್ನು ಕಾಪಾಡುವುದಿಲ್ಲ, ಕಾಗದ ಇರುವ ಕಟ್ಟಡದ ಬೀಗದ ಕೈ ಯಾರ ಬಳಿ ಇದೆ ಎಂಬುದೇ ಮುಖ್ಯ ಎಂಬುದು ಅನುಭವದಿಂದ ಅವರಿಗೆ ತಿಳಿದಿತ್ತು ಎಂದು ನಾನು ಊಹಿಸುತ್ತೇನೆ. ಸಂಸ್ಥೆ ಮೊದಲೇ ಇತ್ತು ನಿಜ; ಮೊಕದ್ದಮೆಗಳು ಅದಕ್ಕೆ ಹೊಸ ಅರ್ಥ ಕೊಟ್ಟವು.

ವಾಕರ್ 1998ರ ನವೆಂಬರ್ 30ರಂದು ಶಿಕಾಗೋದಲ್ಲಿ ನಿಧನರಾದರು. ಏಯರ್ ಹಾಲ್‌ನ ಸಂಗ್ರಹದಲ್ಲಿ 1930ರ ದಶಕದಿಂದ ಕೊನೆಯ ವರ್ಷಗಳವರೆಗಿನ 130ಕ್ಕೂ ಹೆಚ್ಚು ದಿನಚರಿ ಪುಸ್ತಕಗಳಿವೆ. ಬಹುತೇಕ ಕೈಬರಹ. ಅವನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಟ್ಟಿರುವುದರಿಂದ ಧಾರವಾಡದಲ್ಲೋ ಮೈಸೂರಿನಲ್ಲೋ ಕುಳಿತ ಅಮೆರಿಕನ್ ಸಾಹಿತ್ಯದ ವಿದ್ಯಾರ್ಥಿಯೂ ಓದಬಹುದು. ಮೇರಿಯೆಮ್ಮಾ ಗ್ರಹಾಂ ಅವರ 2022ರ ಬೃಹತ್ ಜೀವನಚರಿತ್ರೆ ನಿಂತಿರುವುದೂ ಬಹಳ ಮಟ್ಟಿಗೆ ಇವುಗಳ ಮೇಲೆ.

ಆದರೆ ದಿನಚರಿಯನ್ನು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸುವಾಗ ಎಚ್ಚರ ಬೇಕು. ದಿನದ ಸಿಟ್ಟು ದಿನಚರಿಯಲ್ಲಿ ದೊಡ್ಡದಾಗಿ ಕಾಣುತ್ತದೆ, ನೆಮ್ಮದಿಯ ವಾರಗಳು ಒಂದು ಸಾಲನ್ನೂ ಬಿಟ್ಟುಹೋಗಿರುವುದಿಲ್ಲ. ರೈಟ್ ಕುರಿತ 1988ರ ಪುಸ್ತಕವನ್ನೇ ತೆಗೆದುಕೊಳ್ಳಿ. ಅದು ಹಳೆಯ ಗೆಳತಿ ಲೆಕ್ಕ ಚುಕ್ತಾ ಮಾಡಲು ಬರೆದದ್ದು ಎಂದು ಮೂಗು ಮುರಿದ ವಿಮರ್ಶಕರಿದ್ದಾರೆ. ಐವತ್ತು ವರ್ಷ ಕಳೆದು ಬರೆದ ಆ ಆವೃತ್ತಿ ಮತ್ತು ಶಿಕಾಗೋದಲ್ಲಿ ಆಗಿಂದಾಗಲೇ ಬರೆದಿಟ್ಟ ದಿನಚರಿ ಇವೆರಡನ್ನೂ ಹೋಲಿಸದೆ ಆ ಆಪಾದನೆಯನ್ನು ಒಪ್ಪುವುದೂ ತಳ್ಳಿಹಾಕುವುದೂ ಅವಸರವಾದೀತು. ಹೋಲಿಕೆಗೆ ಇನ್ನೊಂದು ಆಕರವೂ ಬೇಕು. ವಾಕರ್ ರೈಟ್ ಅವರಿಗೆ ಬರೆದ ಪತ್ರಗಳು ರೈಟ್ ಕಾಗದಗಳ ಜೊತೆ ಯೇಲ್‌ನಲ್ಲಿವೆ. ಒಂದೇ ಗೆಳೆತನದ ಅರ್ಧ ಕನೆಕ್ಟಿಕಟ್‌ನಲ್ಲಿದೆ, ಇನ್ನರ್ಧ ಮಿಸಿಸಿಪಿಯಲ್ಲಿ. 1939ರ ಬಿರುಕಿನ ಬಗ್ಗೆ ಬರೆಯಹೊರಟವರು ಎರಡು ಕಡೆಯ ಕಾಗದಗಳನ್ನೂ ಎದುರುಬದುರು ಇಟ್ಟುಕೊಂಡೇ ಆರಂಭಿಸಬೇಕಾಗುತ್ತದೆ.